ನಮ್ಮ ಮರಿಗಳಿಗೆ ವಿಷ ಹಾಕಿದ್ದು ಯಾರು?

ಊರಿಂದ ಹೊತ್ತಲ್ಲದ ಹೊತ್ತಿನಲ್ಲಿ ಫೋನ್ ಬಂದರೆ ಬೆಂಗಳೂರಿನಲ್ಲಿರುವ ನಮ್ಮಂಥವರ ಎದೆ ಧಸಕ್ ಅನ್ನುತ್ತದೆ. 2024ರ ಮೇ ತಿಂಗಳ ಕೊನೆಯ ಶನಿವಾರ. ಬೆಳಿಗ್ಗೆ ಐದೂಮುಕ್ಕಾಲಿಗೆ ಸ್ಕ್ರೀನ್ ಮೇಲೆ ಅಪ್ಪನ ಹೆಸರು ಕಂಡಾಗ ನನಗೆ ಮೊದಲು ನೆನಪಾದದ್ದು ಅಜ್ಜಿ. ಆದರೆ ಅಪ್ಪ ಹೇಳಿದ್ದು ಬೇರೆ.

“ಮೂರು ಮರಿ ಹೋದ್ವು ಕಣವ್ವ. ಇನ್ನೊಂದು ಒದ್ದಾಡ್ತಾ ಐತೆ.”

ನಮ್ಮದು ಕೆ.ಆರ್.ಪೇಟೆ ತಾಲ್ಲೂಕು, ಸಂತೆಬಾಚಹಳ್ಳಿ ಹೋಬಳಿಯ ಒಂದು ಸಣ್ಣ ಹಳ್ಳಿ. ಎರಡೆಕರೆ ಜಮೀನು, ಒಂದಷ್ಟು ತೆಂಗು, ಎರಡು ಹಸು, ಮನೆ ಹಿಂದೆ ಕುರಿ ರೊಪ್ಪ. ಅಪ್ಪನಿಗೆ ಕುರಿ ಅಂದರೆ ಬ್ಯಾಂಕಿನ ಉಳಿತಾಯ ಖಾತೆ ಇದ್ದ ಹಾಗೆ. ನನ್ನ ಡಿಗ್ರಿಯ ಕೊನೆ ವರ್ಷದ ಫೀಸು ಕಟ್ಟಿದ್ದು ಎರಡು ಟಗರು ಮಾರಿದ ದುಡ್ಡಲ್ಲಿ.

ಆ ವರ್ಷ ನಾನೇ ಒಂದು ಪ್ಲಾನ್ ಹಾಕಿದ್ದೆ. ನನ್ನ ಸಂಬಳದಲ್ಲಿ ಉಳಿಸಿದ ದುಡ್ಡು ಕಳಿಸಿ, ಫೆಬ್ರವರಿಯಲ್ಲಿ ಆರು ಬಂಡೂರು ಟಗರು ಮರಿಗಳನ್ನು ತರಿಸಿದ್ದೆ. ಮಳವಳ್ಳಿ ತಾಲ್ಲೂಕಿನ ಬಂಡೂರಿನ ಹೆಸರು ಹೊತ್ತ ಈ ತಳಿ ನಿಮಗೆ ಗೊತ್ತಿರಬಹುದು. ಗಿಡ್ಡ ಕಾಲು, ಗುಂಡು ಮೈ, ಮಾಂಸಕ್ಕೆ ಹೆಸರುವಾಸಿ. ಜೂನ್ 17ಕ್ಕೆ ಬಕ್ರೀದ್. ಅಷ್ಟರೊಳಗೆ ಚೆನ್ನಾಗಿ ಮೇಯಿಸಿ ಮಾರಿದರೆ ಹಾಕಿದ ದುಡ್ಡು ಡಬಲ್ ಆಗುತ್ತದೆ ಎಂದು ಎಕ್ಸೆಲ್ ಶೀಟಿನಲ್ಲಿ ಲೆಕ್ಕ ಹಾಕಿದ್ದೆ.

ಆದರೆ ಎಕ್ಸೆಲ್ ಶೀಟಿಗೆ ಬರಗಾಲ ಗೊತ್ತಿರಲಿಲ್ಲ. 2023ರಲ್ಲಿ ಮಳೆ ಕೈಕೊಟ್ಟು ರಾಜ್ಯದ ಬಹುತೇಕ ತಾಲ್ಲೂಕುಗಳು ಬರಪೀಡಿತ ಎಂದು ಘೋಷಣೆಯಾಗಿದ್ದವು. ಆ ಬೇಸಿಗೆಯಲ್ಲಿ ಬೆಂಗಳೂರಿನ ನಾವು ಟ್ಯಾಂಕರ್ ನೀರಿಗೆ ಕ್ಯೂ ನಿಂತಿದ್ದರೆ, ಊರಲ್ಲಿ ಕುರಿಗಳು ಒಣಗಿದ ಬದುವನ್ನು ನೆಕ್ಕುತ್ತಿದ್ದವು. ಏಪ್ರಿಲ್ ಮುಗಿಯುವ ಹೊತ್ತಿಗೆ ನಮ್ಮ ಮರಿಗಳ ಪಕ್ಕೆ ಎಲುಬು ಎಣಿಸುವ ಹಾಗಿತ್ತು. ಮೇ ತಿಂಗಳಲ್ಲಿ ಮಳೆ ಬಂತು. ಹತ್ತೇ ದಿನಕ್ಕೆ ಬದುವಿನ ಮೇಲೆಲ್ಲ ಎಳೇ ಹುಲ್ಲು.

ನನಗೆ ಅದೂ ಸಾಲಲಿಲ್ಲ. ರಾತ್ರಿಯೆಲ್ಲ ಕುರಿ ಸಾಕಣೆಯ ವಿಡಿಯೊ ನೋಡಿ, ಎರಡು ಮೂಟೆ ಜೋಳದ ನುಚ್ಚಿಗೆ ಫೋನ್‌ಪೇ ಮಾಡಿದೆ. ವಿಡಿಯೊ ಕಾಲ್‌ನಲ್ಲಿ ಅಪ್ಪನಿಗೆ ಹೇಳಿದೆ, “ಹೊಟ್ಟೆ ತುಂಬ ಹಾಕು. ಇನ್ನು ಮೂರೇ ವಾರ ಇರೋದು.”

“ಒಂದೇ ಸಲ್ಕೆ ಅಷ್ಟು ಹಾಕ್ಬಾರ್ದು ಕಣವ್ವ. ಹಸ್ಕೊಂಡಿದ್ದ ಹೊಟ್ಟೆ ಅದು.”

“ಅಪ್ಪಾ, ಎಲ್ರೂ ಹಿಂಗೇ ಮಾಡೋದು. ನಿಂಗೆ ಲಿಂಕ್ ಕಳಿಸ್ತೀನಿ ನೋಡು.”

ಅಪ್ಪ ಲಿಂಕ್ ನೋಡಲಿಲ್ಲ. ಆದರೆ ಓದಿದ ಮಗಳು ಹೇಳಿದ್ದಾಳೆಂದು ನುಚ್ಚು ಹಾಕಿದ. ಅದು ಮಂಗಳವಾರ. ಶನಿವಾರ ಬೆಳಿಗ್ಗೆ ಫೋನ್ ಬಂತು.

ಅವ್ವ ಫೋನ್ ಕಿತ್ತುಕೊಂಡು ಅಳುತ್ತಾ ಹೇಳಿದಳು. “ಯಾರೋ ಏನೋ ಹಾಕ್ಬುಟ್ಟವ್ರೆ ಕಣೇ. ಇರೋದ್ರಲ್ಲೆಲ್ಲ ಚೆಂದಾಗಿದ್ದ ಮರಿಗಳೇ ಹೋಗವೆ. ಬಡಕಲು ಮರಿ ನೋಡು, ಗುಂಡುಕಲ್ಲು ಇದ್ದಂಗೆ ಐತೆ. ಯಾಪಾರಕ್ಕೆ ಬರೋವನ್ನೇ ನೋಡಿ ಹಾಕವ್ರೆ.”

ಯಾರೋ ಎಂದಳು, ನಿಜ. ಆದರೆ ನಮಗಿಬ್ಬರಿಗೂ ಮನಸ್ಸಿನಲ್ಲಿದ್ದದ್ದು ಒಂದೇ ಹೆಸರು. ನಮ್ಮ ಚಿಕ್ಕಪ್ಪ.

ತೋಟದ ಬದುವಿನ ವಿಷಯಕ್ಕೆ ಅಪ್ಪನಿಗೂ ಚಿಕ್ಕಪ್ಪನಿಗೂ ಯುಗಾದಿ ಆದ ಮೇಲೆ ಮಾತು ಬಿಟ್ಟಿತ್ತು. ಒಂದೂವರೆ ಅಡಿ ಜಾಗ. ಅದಕ್ಕೆ ಸರ್ವೆಯವರನ್ನು ಕರೆಸುವ ಮಟ್ಟಕ್ಕೆ ಹೋಗಿತ್ತು. ಸಾಲದ್ದಕ್ಕೆ, ಹಿಂದಿನ ದಿನ ಸಂಜೆ ಚಿಕ್ಕಪ್ಪ ನಮ್ಮ ರೊಪ್ಪದ ಬೇಲಿಯ ಹತ್ತಿರ ಸುಮಾರು ಹೊತ್ತು ನಿಂತಿದ್ದನ್ನು ಅವ್ವ ಕಣ್ಣಾರೆ ಕಂಡಿದ್ದಳು.

“ಕಂಪ್ಲೇಂಟ್ ಕೊಡೋಣ” ಅಂದೆ. ಹಾಗೆ ಅಂದದ್ದು ಅವ್ವ ಅಲ್ಲ, ನಾನು.

ಏಳು ಗಂಟೆ ಬಸ್ ಹತ್ತಿದೆ. ಬೆಳ್ಳೂರು ಕ್ರಾಸ್ ದಾಟುವಷ್ಟರಲ್ಲಿ ಫೋನಿನಲ್ಲಿ ದೂರಿನ ಕರಡು ರೆಡಿಯಾಗಿತ್ತು. ಚಿಕ್ಕಪ್ಪನ ಹೆಸರು, ತಂದೆ ಹೆಸರು, ವಯಸ್ಸು ಎಲ್ಲ ಬರೆದಿದ್ದೆ. ತಂದೆ ಹೆಸರಿನ ಜಾಗದಲ್ಲಿ ನಮ್ಮ ತಾತನ ಹೆಸರನ್ನೇ ಟೈಪ್ ಮಾಡುವಾಗಲೂ ನನ್ನ ಬೆರಳು ನಿಲ್ಲಲಿಲ್ಲ.

ನಾನು ತಲುಪುವ ಹೊತ್ತಿಗೆ ನಾಲ್ಕನೆಯ ಮರಿಯೂ ಹೋಗಿತ್ತು. ಬೆಳಗಿನಿಂದ ಅದು ಪಟ್ಟ ಪಾಡನ್ನು ಅಪ್ಪ ಹೇಳಿದ. ಹಲ್ಲು ಕಡಿಯುತ್ತಿತ್ತಂತೆ. ಕತ್ತನ್ನು ಬೆನ್ನ ಕಡೆ ಹಿಂದಕ್ಕೆ ಎಳೆದುಕೊಂಡು, ಮಲಗಿದಲ್ಲೇ ಸೈಕಲ್ ತುಳಿದ ಹಾಗೆ ಕಾಲು ಆಡಿಸುತ್ತಿತ್ತಂತೆ. ಕೊನೆಗೆ ಸ್ವಲ್ಪ ಭೇದಿ. ಅಷ್ಟೇ.

ಪಶುವೈದ್ಯರು ಆಗಲೇ ಬಂದಿದ್ದರು. ಸತ್ತ ಮರಿಗಳನ್ನು ತೋಟದ ಮೂಲೆಯ ಹೊಂಗೆ ಮರದ ಕೆಳಗೆ ಸಾಲಾಗಿ ಮಲಗಿಸಿದ್ದರು. ಅವುಗಳ ಕಾಲು ಹಿಡಿದುಕೊಂಡು ಕೂತಿದ್ದವನನ್ನು ನೋಡಿ ನಾನು ಅಲ್ಲೇ ನಿಂತುಬಿಟ್ಟೆ. ಅದು ಚಿಕ್ಕಪ್ಪ. ಕರೆಯದೇ ಬಂದಿದ್ದ. ಅವ್ವ ಜಗುಲಿಯಿಂದ ಅವನನ್ನೇ ದುರುಗುಟ್ಟಿ ನೋಡುತ್ತಿದ್ದಳು.

“ಸಾರ್, ಯಾರೋ ವಿಷ ಹಾಕಿದ್ದಾರೆ. ಸರ್ಟಿಫಿಕೇಟ್ ಬೇಕು” ಅಂದೆ ನಾನು, ಚಿಕ್ಕಪ್ಪನಿಗೆ ಕೇಳಲಿ ಎಂದೇ.

ಡಾಕ್ಟರು ತಲೆ ಎತ್ತಲಿಲ್ಲ. “ಮೊದಲು ಕುಯ್ಯಬಹುದೋ ಬೇಡವೋ ನೋಡೋಣ ಇರಮ್ಮ” ಅಂದರು.

ನನಗೆ ಅರ್ಥವಾಗಲಿಲ್ಲ. ಅವರು ಒಂದೊಂದು ಮರಿಯ ಮೂಗು, ಬಾಯಿ, ಗುದದ್ವಾರ ನೋಡಿದರು. ಕಿವಿಯ ತುದಿಯಿಂದ ಒಂದು ತೊಟ್ಟು ರಕ್ತ ತೆಗೆದು ಗಾಜಿನ ಪಟ್ಟಿಗೆ ಸವರಿದರು. ಹಠಾತ್ತನೆ ಸತ್ತ ಪ್ರಾಣಿಯ ಮೂಗು, ಗುದದಿಂದ ಹೆಪ್ಪುಗಟ್ಟದ ಕಪ್ಪು ರಕ್ತ ಬರುತ್ತಿದ್ದರೆ ಅದು ನೆರಡಿ, ಅಂದರೆ ಆಂಥ್ರಾಕ್ಸ್ ಇರಬಹುದಂತೆ. ಆಗ ಕುಯ್ಯಲೇಬಾರದು. ಹೊಟ್ಟೆ ತೆರೆದು ಗಾಳಿ ತಾಗಿದರೆ ಆ ರೋಗಾಣು ಗಟ್ಟಿ ಬೀಜದ ರೂಪ ತಾಳಿ ಮಣ್ಣಿನಲ್ಲಿ ಹತ್ತಾರು ವರ್ಷ ಉಳಿಯುತ್ತದೆ, ಮನುಷ್ಯರಿಗೂ ಅಂಟುತ್ತದೆ. ನಮ್ಮ ಮರಿಗಳಲ್ಲಿ ಆ ಲಕ್ಷಣ ಇರಲಿಲ್ಲ. ಅದು ಖಾತ್ರಿಯಾದ ಮೇಲೆಯೇ ಅವರು ಗ್ಲೌಸ್ ಹಾಕಿ ಚಾಕು ಹಿಡಿದದ್ದು.

ನಾಲ್ಕರಲ್ಲಿ ಈಗತಾನೇ ಸತ್ತ ಮರಿಯನ್ನೇ ಆರಿಸಿಕೊಂಡರು. “ರಾತ್ರಿ ಸತ್ತವು ಈ ಸೆಕೆಗೆ ಕೊಳೆಯೋಕೆ ಶುರುವಾಗಿರ್ತವೆ. ಅವು ಸುಳ್ಳು ಹೇಳ್ತವೆ. ಇದು ನಿಜ ಹೇಳುತ್ತೆ” ಅಂದರು.

ನಾನು ಮುಖ ತಿರುಗಿಸಬೇಕೆಂದುಕೊಂಡೆ, ಆದರೆ ನೋಡುತ್ತಲೇ ನಿಂತೆ. ಎದೆ ತೆರೆದು, ಹೃದಯದ ಸುತ್ತ ಇರುವ ಚೀಲವನ್ನು ತೋರಿಸಿದರು. ಅದರ ತುಂಬ ಒಣಹುಲ್ಲಿನ ಬಣ್ಣದ ನೀರು, ನೀರಿನಲ್ಲಿ ಜೆಲ್ಲಿಯಂಥ ಗಂಟುಗಳು. ಮೊದಲ ಹೊಟ್ಟೆ ತೆರೆದರೆ ಜೋಳದ ನುಚ್ಚು ಹುಳಿ ವಾಸನೆ ಹೊಡೆಯುತ್ತಾ ತುಂಬಿಕೊಂಡಿತ್ತು. ಸಣ್ಣ ಕರುಳು ಗಾಳಿ ತುಂಬಿ ಉಬ್ಬಿ, ಅಲ್ಲಲ್ಲಿ ಕೆಂಪಗಾಗಿತ್ತು. ಆಮೇಲೆ ಕಿಡ್ನಿ ತೆಗೆದು ಅಪ್ಪನ ಕೈಗೆ ಕೊಟ್ಟರು.

“ಒತ್ತಿ ನೋಡಿ.”

ಅಪ್ಪ ಹೆಬ್ಬೆಟ್ಟಿನಲ್ಲಿ ಒತ್ತಿದ. ಗಟ್ಟಿಯಾಗಿರಬೇಕಾದ ಕಿಡ್ನಿ ನೆಂದ ಬನ್ನಿನ ಹಾಗೆ ಒಳಗೆ ಹೋಯಿತು.

ಕೊನೆಗೆ ಮೂತ್ರಕೋಶಕ್ಕೆ ಸೂಜಿ ಹಾಕಿ ನಾಲ್ಕು ಹನಿ ತೆಗೆದು, ಒಂದು ಪಟ್ಟಿಯ ಮೇಲೆ ಬಿಟ್ಟರು. ಮನುಷ್ಯರ ಮೂತ್ರದಲ್ಲಿ ಸಕ್ಕರೆ ನೋಡುವುದಕ್ಕೆ ಮೆಡಿಕಲ್ ಸ್ಟೋರಿನಲ್ಲಿ ಸಿಗುತ್ತದಲ್ಲ, ಅದೇ ಪಟ್ಟಿ. ಬಣ್ಣ ಬದಲಾಯಿತು. ಕುರಿಯ ಮೂತ್ರದಲ್ಲಿ ಸಕ್ಕರೆ!

“ಕರುಳು ಬೇನೆ” ಅಂದರು ಡಾಕ್ಟರು. “ಎಂಟರೋಟಾಕ್ಸೀಮಿಯಾ. ಇ.ಟಿ. ಅಂತೀವಿ. ಕಿಡ್ನಿ ಮೆತ್ತಗಾಗೋದು ಒಂದನ್ನೇ ನಂಬೋ ಹಾಗಿಲ್ಲ, ಸತ್ತು ಹೊತ್ತಾದರೆ ಎಲ್ಲದ್ದೂ ಮೆತ್ತಗಾಗುತ್ತೆ. ಆದ್ರೆ ಇಷ್ಟು ಬೇಗ ಮೆತ್ತಗಾಗಿದೆ, ಎದೇಲಿ ನೀರಿದೆ, ಮೂತ್ರದಲ್ಲಿ ಸಕ್ಕರೆ ಇದೆ, ಹೊಟ್ಟೇಲಿ ನುಚ್ಚಿದೆ. ಎಲ್ಲ ಒಂದೇ ಕಡೆ ಕೈ ತೋರಿಸ್ತಾ ಇದೆ. ಕರುಳಿನ ಸ್ಯಾಂಪಲ್ ಲ್ಯಾಬಿಗೆ ಕಳಿಸೋಣ.”

“ಹಂಗಾದ್ರೆ ವಿಷ ಅಲ್ವಾ?” ಅವ್ವ ಜಗುಲಿಯಿಂದಲೇ ಕೇಳಿದಳು.

“ವಿಷಾನೇ ತಾಯಿ. ಆದ್ರೆ ಯಾರೂ ಹಾಕಿದ್ದಲ್ಲ. ಮರಿ ಹೊಟ್ಟೆ ಒಳಗೇ ತಯಾರಾಗಿದ್ದು.”

ಅವರು ಅಂದು ಹೇಳಿದ್ದನ್ನೂ ಆಮೇಲೆ ನಾನೇ ಓದಿ ತಿಳಿದದ್ದನ್ನೂ ಸೇರಿಸಿ ಹೇಳುತ್ತೇನೆ.

ಈ ರೋಗಾಣುವಿನ ಹೆಸರು ಕ್ಲಾಸ್ಟ್ರಿಡಿಯಂ ಪರ್ಫ್ರಿಂಜೆನ್ಸ್, ಅದರಲ್ಲಿ ‘ಡಿ’ ಬಗೆಯದು. ಇದು ಮಣ್ಣಿನಲ್ಲಿರುತ್ತದೆ, ಆರೋಗ್ಯವಾಗಿರುವ ಕುರಿಗಳ ಕರುಳಿನಲ್ಲೂ ಸ್ವಲ್ಪ ಸ್ವಲ್ಪ ಇದ್ದುಕೊಂಡಿರುತ್ತದೆ, ಯಾವ ತಂಟೆಯನ್ನೂ ಮಾಡದೆ. ಕರುಳು ತನ್ನ ಪಾಡಿಗೆ ತಾನು ಕೆಲಸ ಮಾಡುತ್ತಾ ಅದನ್ನು ಮುಂದೆ ತಳ್ಳುತ್ತಿರುತ್ತದೆ. ಆದರೆ ಹಸಿದಿದ್ದ ಕುರಿಗೆ ಒಮ್ಮೆಲೇ ಕಾಳು, ನುಚ್ಚು ಅಥವಾ ಮೊದಲ ಮಳೆಯ ಎಳೆ ಹುಲ್ಲು ಹೊಟ್ಟೆಬಿರಿಯೆ ಸಿಕ್ಕರೆ, ಮೊದಲ ಹೊಟ್ಟೆಗೆ ಅಷ್ಟನ್ನೂ ಅರಗಿಸಲು ಆಗುವುದಿಲ್ಲ. ಅರಗದ ಪಿಷ್ಟ ಸಣ್ಣ ಕರುಳಿಗೆ ಜಾರುತ್ತದೆ. ಅಲ್ಲಿ ಕಾದಿರುವ ರೋಗಾಣುವಿಗೆ ಅದೇ ಹಬ್ಬದೂಟ. ಗಂಟೆಗಳಲ್ಲಿ ಲೆಕ್ಕವಿಲ್ಲದಷ್ಟು ಬೆಳೆದು, ಎಪ್ಸಿಲಾನ್ ಎಂಬ ವಿಷವನ್ನು ಬಿಡುತ್ತದೆ.

ನನಗೆ ಅತ್ಯಂತ ಸಂಕಟ ತಂದ ಸಂಗತಿ ಇದು: ಆ ವಿಷ ಹುಟ್ಟುವಾಗ ಅಷ್ಟೇನೂ ಜೋರಿರುವುದಿಲ್ಲ. ಕುರಿಯದೇ ಜೀರ್ಣರಸದಲ್ಲಿರುವ ಟ್ರಿಪ್ಸಿನ್ ಎಂಬ ಕಿಣ್ವ ತಾಗಿದಾಗಲೇ ಅದಕ್ಕೆ ಪೂರ್ತಿ ಬಲ ಬರುತ್ತದೆ. ಉಂಡದ್ದನ್ನು ಅರಗಿಸಬೇಕಾದ ರಸವೇ ವಿಷವನ್ನು ಹರಿತ ಮಾಡುತ್ತದೆ. ಆಮೇಲೆ ಅದು ಕರುಳಿನ ಗೋಡೆ ದಾಟಿ ರಕ್ತಕ್ಕೆ ಸೇರಿ, ಮಿದುಳಿನ ಸಣ್ಣ ರಕ್ತನಾಳಗಳನ್ನು ಸೋರುವಂತೆ ಮಾಡುತ್ತದೆ. ಹಲ್ಲು ಕಡಿಯುವುದು, ಕತ್ತು ಹಿಂದಕ್ಕೆ ಎಳೆಯುವುದು, ಕಾಲು ಒದರುವುದು ಎಲ್ಲ ಅದಕ್ಕೇ. ರೋಗ ಕಂಡ ಮೇಲೆ ಔಷಧಿ ಕೊಡಲು ಹೆಚ್ಚಿನ ಸಲ ಸಮಯವೇ ಇರುವುದಿಲ್ಲ.

ಚೆಂದದ ಮರಿಗಳೇ ಯಾಕೆ ಹೋದವು ಎಂಬ ಅವ್ವನ ಪ್ರಶ್ನೆಗೂ ಉತ್ತರ ಇಲ್ಲೇ ಇದೆ. ಬಲವಾಗಿರುವ ಮರಿ ಬೇರೆಯವನ್ನು ಗುದ್ದಿ ದೂಡಿ ಹೆಚ್ಚು ತಿನ್ನುತ್ತದೆ. ಬಡಕಲು ಮರಿಗೆ ತೊಟ್ಟಿಯ ಹತ್ತಿರ ಜಾಗವೇ ಸಿಗುವುದಿಲ್ಲ, ಅದಕ್ಕೇ ಉಳಿಯುತ್ತದೆ. ಆಸ್ಟ್ರೇಲಿಯಾ, ಇಂಗ್ಲೆಂಡಿನ ಕುರಿ ಸಾಕುವವರಿಗೂ ಇದು ಹಳೇ ಶತ್ರು. ಅವರು ಇದನ್ನು ‘ಪಲ್ಪಿ ಕಿಡ್ನಿ’ ಎನ್ನುತ್ತಾರೆ, ಅಪ್ಪ ಹೆಬ್ಬೆಟ್ಟಿನಲ್ಲಿ ಒತ್ತಿ ನೋಡಿದ ಅದೇ ಮೆತ್ತನೆಯ ಕಿಡ್ನಿ.

ಡಾಕ್ಟರು ಕೈ ತೊಳೆಯುತ್ತಾ ಕೇಳಿದರು. “ಈಚೆಗೆ ಮೇವು ಏನಾದ್ರೂ ಬದಲಾಯಿಸಿದ್ರಾ?”

ನನ್ನ ಗಂಟಲು ಕಟ್ಟಿತು. ಬಾಯಿ ತೆರೆಯುವಷ್ಟರಲ್ಲಿ ಅಪ್ಪ ಹೇಳಿದ.

“ನಂದೇ ತಪ್ಪು ಸಾರ್. ಆಸೆಗೆ ಬಿದ್ದು ನಾನೇ ಜಾಸ್ತಿ ನುಚ್ಚು ಹಾಕ್ಬುಟ್ಟೆ.”

ನನ್ನ ಕಡೆ ನೋಡಲೂ ಇಲ್ಲ. “ಇಲ್ಲ ಸಾರ್, ನಾನು ಹೇಳಿದ್ದು” ಎಂದು ನಾನು ಹೇಳುವಷ್ಟರಲ್ಲಿ ಅವರು ಮುಂದಿನ ಪ್ರಶ್ನೆಗೆ ಹೋಗಿದ್ದರು. “ಇವಕ್ಕೆ ಇ.ಟಿ. ಲಸಿಕೆ ಆಗಿತ್ತಾ?” ಅಪ್ಪನ ಹಳೇ ಕುರಿಗಳಿಗೆ ಆಗಿತ್ತು. ಸಂತೆಯಿಂದ ತಂದ ಈ ಆರು ಮರಿಗಳಿಗೆ ಆಗಿತ್ತೋ ಇಲ್ಲವೋ ನಾವು ಕೇಳಿಯೇ ಇರಲಿಲ್ಲ. ನನ್ನ ಎಕ್ಸೆಲ್ ಶೀಟಿನಲ್ಲಿ ಅದಕ್ಕೊಂದು ಕಾಲಂ ಇರಲಿಲ್ಲ.

ಅಷ್ಟು ಹೊತ್ತೂ ಸುಮ್ಮನಿದ್ದ ಚಿಕ್ಕಪ್ಪ ಆಗ ಬಾಯಿ ಬಿಟ್ಟ. ನೆಲ ನೋಡಿಕೊಂಡೇ ಹೇಳಿದ. “ನೆನ್ನೆ ಸಂಜೇಲೇ ಒಂದು ಮರಿ ಗುಂಪು ಬಿಟ್ಟು ಒಂಟಿಯಾಗಿ ನಿಂತಿತ್ತು. ತೂರಾಡ್ತಿತ್ತು. ನೋಡ್ತಾ ನಿಂತಿದ್ದೆ. ಅಣ್ಣಂಗೆ ಹೇಳಾಣ ಅಂದ್ಕಂಡೆ. ಮಾತು ಬಿಟ್ಟಿದ್ವಲ್ಲ... ಬಾಯಿ ಬರ್ನಿಲ್ಲ.”

ಯಾರೂ ಮಾತಾಡಲಿಲ್ಲ. ಡಾಕ್ಟರು, “ಆ ಮರಿ ಹೆಂಗೂ ಉಳೀತಿರಲಿಲ್ಲ ಬಿಡಿ” ಅಂದರು. ಸ್ವಲ್ಪ ತಡೆದು, “ಆದ್ರೆ ರಾತ್ರಿ ನುಚ್ಚು ನಿಲ್ಲಿಸಿದ್ರೆ ಮಿಕ್ಕವು ಉಳೀತಿದ್ವೇನೋ” ಎಂದರು. ಆ ಮಾತು ಚಿಕ್ಕಪ್ಪನಿಗೆ ಎಷ್ಟು ತಾಗಿತೋ ನನಗೂ ಅಷ್ಟೇ ತಾಗಿತು.

ಗುಂಡಿ ತೋಡಿದ್ದು ಅಣ್ಣತಮ್ಮ ಇಬ್ಬರೂ. ಆಳವಾಗಿ ತೋಡಿ, ಸುಣ್ಣ ಹಾಕಿ ಮುಚ್ಚಬೇಕು, ಚರ್ಮ ಸುಲಿಯಬಾರದು, ಮಾಂಸ ಮುಟ್ಟಬಾರದು ಎಂದು ಡಾಕ್ಟರು ಕಟ್ಟುನಿಟ್ಟಾಗಿ ಹೇಳಿದ್ದರು. “ರೋಗ ಕರುಳಿಗೆ ತಾನೇ, ತೊಡೆಗೇನಾಗಿದೆ?” ಎಂದು ಊರಿನ ಒಂದಿಬ್ಬರು ಬಂದು ಕೇಳಿದ್ದೂ ಉಂಟು. ಅಪ್ಪ ಒಪ್ಪಲಿಲ್ಲ. ಉಳಿದ ಎರಡು ಮರಿಗಳಿಗೆ ನುಚ್ಚು ನಿಲ್ಲಿಸಿ ಬರೀ ಒಣ ಮೇವು ಹಾಕಿದೆವು. ಲಸಿಕೆಯೂ ಆಯಿತು, ಎರಡು ಮೂರು ವಾರ ಬಿಟ್ಟು ಇನ್ನೊಂದು ಡೋಸ್. ಮೊದಲ ಸಲ ಹಾಕಿಸುವಾಗ ಎರಡು ಡೋಸ್ ಬೇಕೇ ಬೇಕು, ಆಮೇಲೆ ವರ್ಷಕ್ಕೊಮ್ಮೆ ಮಳೆಗಾಲಕ್ಕೆ ಮುಂಚೆ. ಎರಡೂ ಉಳಿದವು. ಲ್ಯಾಬಿನ ವರದಿಯೂ ಡಾಕ್ಟರ ಮಾತನ್ನೇ ಹೇಳಿತು.

ಆ ರಾತ್ರಿ ಅಜ್ಜಿ ತನ್ನ ಕಾಲದ ‘ದೊಡ್ಡರೋಗ’ದ ಕತೆ ತೆಗೆದಳು. ದನಗಳ ಕಣ್ಣಲ್ಲಿ ನೀರು, ಬಾಯಲ್ಲಿ ಹುಣ್ಣು, ನಿಲ್ಲದ ಭೇದಿ. ಒಂದು ಕೊಟ್ಟಿಗೆಗೆ ಬಂದರೆ ಊರೆಲ್ಲ ಹರಡುತ್ತಿತ್ತು. ಯಾರೋ ಮಾಟ ಮಾಡಿಸಿದರು, ಮಾರಿ ಮುನಿದಳು ಎಂದು ಊರಿಗೆ ಊರೇ ಒಡೆಯುತ್ತಿತ್ತಂತೆ. ಅದೇ ರಿಂಡರ್‌ಪೆಸ್ಟ್. ಅದರ ವಿರುದ್ಧ ಸೀರಂ ತಯಾರಿಸಲೆಂದೇ ಮೈಸೂರು ಸಂಸ್ಥಾನದ ಕಾಲದಲ್ಲಿ, 1925ರಲ್ಲಿ, ಹೆಬ್ಬಾಳದಲ್ಲಿ ಒಂದು ಸಂಸ್ಥೆ ಶುರುವಾಯಿತು. ಇಂದು ಅದು ಪಶು ಆರೋಗ್ಯ ಮತ್ತು ಜೈವಿಕ ಸಂಸ್ಥೆ. ಕುರಿಗಳ ಇ.ಟಿ. ಲಸಿಕೆಯೂ ಅಲ್ಲಿ ತಯಾರಾಗುತ್ತದೆ. ನಾನು ಹೆಬ್ಬಾಳದ ಫ್ಲೈಓವರ್ ಟ್ರಾಫಿಕ್‌ನಲ್ಲಿ ಕುರಿ ಸಾಕಣೆ ವಿಡಿಯೊ ನೋಡುತ್ತಿದ್ದಾಗ, ನನಗೆ ಬೇಕಾದ ಉತ್ತರ ಅಲ್ಲೇ ಪಕ್ಕದಲ್ಲಿತ್ತು.

ದಶಕಗಳ ಲಸಿಕೆಯ ಕೆಲಸದಿಂದ 2006ರಲ್ಲಿ ಭಾರತ ದೊಡ್ಡರೋಗದಿಂದ ಮುಕ್ತವಾಯಿತು. 2011ರಲ್ಲಿ ಇಡೀ ಜಗತ್ತಿನಿಂದಲೇ ಅದು ಹೋಯಿತು. ಮನುಷ್ಯ ಭೂಮಿಯಿಂದ ಅಳಿಸಿಹಾಕಿದ ರೋಗಗಳು ಎರಡೇ, ಮೊದಲನೆಯದು ಸಿಡುಬು, ಎರಡನೆಯದು ಇದು. ಅದರ ಹತ್ತಿರದ ನೆಂಟ ಪಿಪಿಆರ್ ಮಾತ್ರ ಇನ್ನೂ ಕುರಿ ಮೇಕೆಗಳನ್ನು ಕಾಡುತ್ತಿದೆ. ಅದಕ್ಕೂ ಲಸಿಕೆ ಇದೆ, 2030ರೊಳಗೆ ಅದನ್ನೂ ಮುಗಿಸಬೇಕೆಂಬ ಗುರಿ ಜಗತ್ತಿಗಿದೆ. ಪಿಪಿಆರ್ ಕುರಿಯಿಂದ ಕುರಿಗೆ ಹರಡುತ್ತದೆ. ನಮ್ಮ ಮರಿಗಳಿಗೆ ಬಂದದ್ದು ಹಾಗೆ ಹರಡಿದ್ದಲ್ಲ, ನಾನು ಕಳಿಸಿದ ಮೂಟೆಯಿಂದ ಬಂದದ್ದು. ಎರಡರಲ್ಲೂ ಭೇದಿ ಆಗಬಹುದು, ಎರಡರಲ್ಲೂ ಕುರಿ ಸಾಯಬಹುದು. ಯಾವುದು ಎಂದು ಗೊತ್ತಾಗುವುದು ಡಾಕ್ಟರು ಬಂದು ನೋಡಿದರೆ ಮಾತ್ರ.

ನಿಮ್ಮ ಊರಲ್ಲೂ ಅಪ್ಪ ಅಮ್ಮ ಕುರಿ ಮೇಕೆ ಸಾಕಿದ್ದರೆ ನನ್ನ ಮಾತು ಇಷ್ಟೇ. ಮೇವು ಬದಲಿಸುವುದಾದರೆ ಹಿಡಿ ಹಿಡಿಯಾಗಿ, ಎರಡು ವಾರ ತೆಗೆದುಕೊಂಡು ಬದಲಿಸಿ. ಹೊಸ ಮರಿ ತಂದರೆ ಲಸಿಕೆಯ ವಿಷಯ ಕೇಳಿ, ಗೊತ್ತಿಲ್ಲ ಅಂದರೆ ಆಗಿಲ್ಲ ಎಂದೇ ತಿಳಿಯಿರಿ. ಒಂದು ಸತ್ತರೂ ಹೂಳುವ ಮುಂಚೆ ಪಶುವೈದ್ಯರಿಗೆ ಹೇಳಿ. 1962ಕ್ಕೆ ಕರೆ ಮಾಡಿದರೆ ಪಶು ಸಂಜೀವಿನಿ ಆಂಬುಲೆನ್ಸ್ ಇದೆ. ಸರ್ಕಾರದ ಅನುಗ್ರಹ ಯೋಜನೆಯಲ್ಲಿ ಪರಿಹಾರ ಕೇಳುವುದಕ್ಕೂ ಪೋಸ್ಟ್‌ಮಾರ್ಟಂ ಬೇಕು. ಅದಕ್ಕಿಂತ ಹೆಚ್ಚಾಗಿ, ಸತ್ತದ್ದು ಯಾಕೆ ಎಂದು ಗೊತ್ತಾದರೆ ಬದುಕಿರುವವರ ನಡುವೆ ಜಗಳ ತಪ್ಪುತ್ತದೆ.

ವಾಪಸ್ ಬಸ್ಸಿನಲ್ಲಿ ಆ ದೂರಿನ ಕರಡು ತೆಗೆದು ಒಮ್ಮೆ ಪೂರ್ತಿ ಓದಿದೆ. ಒಂದೂ ಕಾಗುಣಿತ ತಪ್ಪಿರಲಿಲ್ಲ. ಅಷ್ಟು ನಂಬಿಕೆಯಿಂದ ಬರೆದಿದ್ದೆ. ಡಿಲೀಟ್ ಮಾಡಿದೆ. ಚಿಕ್ಕಪ್ಪನಿಗೆ ಇವತ್ತಿಗೂ ಅದರ ವಿಷಯ ಗೊತ್ತಿಲ್ಲ. ಅಪ್ಪನಿಗೆ ಮಾತ್ರ ಹೇಳಿದೆ, ಮೇವಿನ ವಿಷಯಕ್ಕೆ ಕ್ಷಮೆ ಕೇಳುವಾಗ. “ಹೋಗ್ಲಿ ಬಿಡವ್ವ, ಕಳಿಸ್ನಿಲ್ವಲ್ಲ” ಅಂದ.

ಬದುವಿನ ಜಗಳ ಇನ್ನೂ ಪೂರ್ತಿ ಮುಗಿದಿಲ್ಲ. ಆದರೆ ಮರುವರ್ಷದ ಮೇ ತಿಂಗಳಲ್ಲಿ, ಆಫೀಸಿನ ಮೀಟಿಂಗ್ ನಡುವೆ ಚಿಕ್ಕಪ್ಪನ ಫೋನ್ ಬಂತು. ಎದೆ ಮತ್ತೆ ಧಸಕ್ ಅಂತು. ಎತ್ತಿದೆ.

“ಲಸಿಕೆ ಹಾಕೋರು ಬಂದವ್ರೆ ಕಣವ್ವ. ನಿಮ್ಮಪ್ಪ ಪ್ಯಾಟೆಗೆ ಹೋಗವ್ನೆ, ಫೋನ್ ಎತ್ತುತ್ತಿಲ್ಲ. ನಿಮ್ಮ ಮರಿಗಳನ್ನೂ ನಾನೇ ಹಿಡ್ಕೊಡ್ಲಾ?”

“ಹೂಂ ಚಿಕ್ಕಪ್ಪ, ಎಲ್ಲಕ್ಕೂ ಹಾಕ್ಸು” ಅಂದೆ.